ಭೀಮನ ಸಿಕ್ಕು

ಮಗಳ ಬಾಣಂತನಕ್ಕೆ ಅಂತ ಚಿಕ್ಕಮ್ಮ, ಚಿಕ್ಕಪ್ಪ ಮೆಲ್ಬರ್ನ್‌ಗೆ ಹೊರಟಾಗ ಭೀಮ ನಮ್ಮ ಪಾಲಿಗೆ ಬಂದ. ಹೆಸರು ಕೇಳಿ ಹೆದರಬೇಡಿ. ಲಾಸಾ ಆಪ್ಸೊ ಜಾತಿಯ ನಾಯಿ, ಎತ್ತರ ಒಂದಡಿಯೂ ಇಲ್ಲ. ಚಿಕ್ಕಮ್ಮನ ಮನೆ ಕುಶಾಲನಗರದಲ್ಲಿ. ಪಕ್ಕದ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ಇವನ ಜಾತಿಯೂ ಅದೇ ನಾಡಿನದು. ಲಾಸಾ ನಗರ ಇರುವುದು ಸಮುದ್ರಮಟ್ಟಕ್ಕಿಂತ 3,600 ಮೀಟರ್‌ಗೂ ಎತ್ತರದಲ್ಲಿ. ಅಲ್ಲಿನ ಚಳಿಗೆ ಬೇಕಾದ ಎರಡು ಪದರದ ಕೂದಲನ್ನು ಹೊತ್ತುಕೊಂಡು ಇವನು ನಮ್ಮ ಆಷಾಢದ ಮಳೆಯಲ್ಲಿ, ಮುಸುಕಿನ ಜೋಳದ ಹೊಲದ ಬದುವಿನಲ್ಲಿ ಓಡಾಡಿಕೊಂಡಿದ್ದ.

"ಕೂದಲು ಹೇಗೆ ಹೊಳೀತಿದೆ ನೋಡು. ದಿನಾ ಬಾಚ್ತೀನಿ ಕಣೇ" ಅಂತ ಹೇಳಿ ಚಿಕ್ಕಮ್ಮ ಬ್ರಷ್ ಕೈಗೆ ಕೊಟ್ಟು ಹೋದರು. ಸುಳ್ಳಲ್ಲ. ಬೆನ್ನ ಮೇಲಿನ ಕೂದಲು ನೆಲದವರೆಗೆ ನೀಟಾಗಿ ಇಳಿಬಿದ್ದಿತ್ತು. ತಲೆಯ ಮೇಲೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿದ ಜುಟ್ಟು ಬೇರೆ.

ಭಾನುವಾರ ಬೆಳಗ್ಗೆ ಕಬ್ಬಿಣದ ಹಲ್ಲಿನ ಬಾಚಣಿಗೆಯನ್ನು ಚರ್ಮಕ್ಕೆ ತಾಗುವಂತೆ ಇಟ್ಟು ಎಳೆದೆ. ಬೆನ್ನಲ್ಲಿ ಸಲೀಸಾಗಿ ಬಂತು. ಕಿವಿಯ ಹಿಂದೆ ನಿಂತುಬಿಟ್ಟಿತು. ಕಂಕುಳಲ್ಲಿ, ಬೆಲ್ಟ್ ಉಜ್ಜುವ ಎದೆಯ ಮೇಲೆ, ತೊಡೆಯ ಒಳಗೆ ಎಲ್ಲಾ ಅದೇ ಕತೆ. ಮೇಲಿನ ಕೂದಲನ್ನು ಎತ್ತಿ ನೋಡಿದರೆ ಕೆಳಗಡೆ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತ ಸಿಕ್ಕು. ನಡುವೆ ಉತ್ತರಾಣಿ ಬೀಜಗಳು. ಒಳಪದರದ ಮೆತ್ತನೆ ಕೂದಲು ಉದುರುತ್ತದೆ, ಆದರೆ ಹೊರಗಿನ ಉದ್ದ ಕೂದಲಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ. ಅದು ನೆನೆದು, ಉಜ್ಜಿ, ಮತ್ತೆ ನೆನೆದರೆ ಹೀಗೇ ಆಗುವುದು. ಮೇಲೆ ಮೇಲೆ ಬ್ರಷ್ ಆಡಿಸಿದರೆ ಇದು ಗೊತ್ತೇ ಆಗುವುದಿಲ್ಲ.

ನಾಯಿ ಕ್ಷೌರದ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. "ಪೂರ್ತಿ ಬೋಳಿಸಿಬಿಡೋಣ ಮೇಡಂ, ಮತ್ತೆ ಬೆಳೆಯುತ್ತೆ" ಅಂದರು. ಮೈಯೆಲ್ಲಾ ಸಿಕ್ಕಾಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಗಂಟೆಗಟ್ಟಲೆ ಎಳೆದಾಡಿ ನಾಯಿಗೆ ನೋವು ಕೊಡುವುದಕ್ಕಿಂತ ಬೋಳಿಸುವುದು ಎಷ್ಟೋ ವಾಸಿ. ಆದರೆ ಇವನ ಬೆನ್ನು, ಬಾಲ ಚೆನ್ನಾಗಿಯೇ ಇದ್ದವಲ್ಲ.

ಅಷ್ಟರಲ್ಲಿ ಅಮ್ಮ ಕಾಫಿ ಲೋಟ ಕೆಳಗಿಟ್ಟು ಬಂದರು. "ಬಿಡಿಸಕ್ಕಾಗೋದನ್ನ ಬಿಡಿಸೋಣ. ಮೊದಲು ಸ್ನಾನ ಮಾಡಿಸ್ಲಾ?" ಬೇಡ ಅಂದೆ. ಸಿಕ್ಕಿಗೆ ನೀರು ಬಿದ್ದರೆ ಒಣಗುವಾಗ ಇನ್ನೂ ಬಿಗಿಯುತ್ತದೆ. ಸಿಕ್ಕು ಬಿಡಿಸಿಯೇ ಸ್ನಾನ. ಹಾಗಂತ ತೀರಾ ಒಣ ಕೂದಲನ್ನು ಬಾಚಿದರೆ ತುಂಡಾಗುತ್ತದೆ. ಅದಕ್ಕೇ ನೀರಿಗೆ ಸ್ವಲ್ಪ ನಾಯಿ ಕಂಡೀಷನರ್ ಬೆರೆಸಿ ಬೆನ್ನಿಗೆ ತೆಳ್ಳಗೆ ಸಿಂಪಡಿಸಿದೆವು. ಗಂಟುಗಳಿಗೆ ಮಾತ್ರ ಕಾರ್ನ್ ಫ್ಲೋರ್ ಉದುರಿಸಿ ಬೆರಳಲ್ಲಿ ತಿಕ್ಕಿದೆವು. ಪುಡಿ ಒಳಗೆ ಇಳಿದಂತೆ ಕೂದಲು ಜಾರತೊಡಗಿತು.

ಮುಂದಿನದೆಲ್ಲ ಅಮ್ಮನ ಕೈಚಳಕ. ನಮ್ಮ ಜಡೆ ಹಾಕುವಾಗ ಮಾಡುತ್ತಿದ್ದದ್ದನ್ನೇ ಮಾಡಿದರು. ಬುಡವನ್ನು ಎಡಗೈಯ ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಾಚುವುದು. ಹಾಗೆ ಹಿಡಿದರೆ ಚರ್ಮ ಎಳೆಯುವುದಿಲ್ಲ. ಭೀಮ ಮೊದಲು ಗುರ್ ಅಂದ. ಬೇಯಿಸಿದ ಗೆಣಸಿನ ಚೂರು ಬಾಯಿಗೆ ಬಿದ್ದ ಮೇಲೆ ಸುಮ್ಮನಾದ. ಗೆಣಸು ನುಂಗಿದ ಮೇಲೆ ಮತ್ತೆ ಗುರ್. ಆಟ ಅರ್ಥವಾಗಿತ್ತು ಅವನಿಗೆ.

ಕಂಕುಳ ಸಿಕ್ಕು ಮಾತ್ರ ಬಗ್ಗಲಿಲ್ಲ. ಅಮ್ಮ ಕತ್ತರಿ ತಂದರು. ನಾನು ಕೈ ಹಿಡಿದೆ. ಸಿಕ್ಕು ಎಲ್ಲಿ ಮುಗಿಯುತ್ತದೆ, ಚರ್ಮ ಎಲ್ಲಿ ಶುರುವಾಗುತ್ತದೆ ಅನ್ನುವುದು ಅಲ್ಲಿ ಕಾಣುವುದಿಲ್ಲ. ತೆಳು ಚರ್ಮ ಗಂಟಿನ ಜೊತೆಗೇ ಎದ್ದು ಬಂದಿರುತ್ತದೆ. ನಾಯಿ ಒಂದು ಸಲ ಅಲುಗಾಡಿದರೆ ಸಾಕು, ಹೊಲಿಗೆಯೇ. ಮರುದಿನ ಪಶುವೈದ್ಯರು ಕ್ಲಿಪ್ಪರ್‌ನಲ್ಲಿ ತೆಗೆದರು. ಕೆಳಗೆ ಚರ್ಮ ಕೆಂಪಗೆ, ಒದ್ದೆಯಾಗಿತ್ತು. ಗಾಳಿಯೇ ಆಡದ ಜಾಗ. ಅಲ್ಲೊಂದು, ಕಾಲ್ಬೆರಳ ಸಂದಿಯಲ್ಲೊಂದು ಉಣ್ಣಿ. ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರಕ್ಕೆ ಎಳೆದರು. ಉಣ್ಣಿ ಕಚ್ಚಿ ಜ್ವರ ಬಂದರೆ ನಾಯಿಗಳು ಸತ್ತೇಹೋಗುವುದುಂಟು. ಉದ್ದ ಕೂದಲಿನ ನಾಯಿಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಕೂದಲು ಬಾಚುವುದು ಸುಮ್ನೆ ಅಂದಕ್ಕೆ ಅಂದುಕೊಂಡವರು ಆ ಕಂಕುಳನ್ನು ನೋಡಬೇಕಿತ್ತು.

ಗಾಯ ಒಣಗಿದ ಮೇಲೆ ಸ್ನಾನ. ಅಮ್ಮ ಸೀಗೆಪುಡಿ ಡಬ್ಬಿ ಹಿಡಿದು ನಿಂತಿದ್ದರು. ಕಣ್ಣು ಉರಿಯುತ್ತೆ, ಬೇಡ ಅಂದೆ. ನಮ್ಮ ಶಾಂಪೂ ಕೂಡ ಬೇಡ. ನಮ್ಮ ಚರ್ಮದ ಪಿಎಚ್ 5.5ರ ಆಸುಪಾಸು, ಸ್ವಲ್ಪ ಆಮ್ಲದ ಕಡೆಗೆ. ನಾಯಿಯದು ತಟಸ್ಥಕ್ಕೆ ಹತ್ತಿರ. ಸ್ನಾನ ಬೇಗ ಮುಗಿಯಿತು, ಒಣಗಿಸುವುದೇ ದೊಡ್ಡ ಕೆಲಸ. ಟವೆಲ್‌ನಲ್ಲಿ ತಿಕ್ಕಬಾರದು, ಒತ್ತಿ ಒತ್ತಿ ನೀರು ಹೀರಿಸಬೇಕು. ಆಮೇಲೆ ಕಡಿಮೆ ಬಿಸಿಯ ಡ್ರೈಯರ್, ಜೊತೆಗೇ ಬ್ರಷ್. ಒಂದು ಕಡೆ ಮಲಗಿಸಿ, ಕೂದಲಲ್ಲಿ ಬೈತಲೆ ತೆಗೆದು, ಕೆಳಗಿನ ಸಾಲನ್ನು ಬಾಚಿ, ಒಂದು ಬೆರಳಷ್ಟು ಮೇಲೆ ಇನ್ನೊಂದು ಬೈತಲೆ. ಹೊಟ್ಟೆಯಿಂದ ಬೆನ್ನಿನವರೆಗೆ ಹೀಗೆ ಸಾಲು ಸಾಲು. ಪ್ರತಿ ಸಾಲಿನಲ್ಲೂ ಚರ್ಮದ ಬಿಳಿ ಗೆರೆ ಕಾಣಬೇಕು. ಆಮೇಲೆ ಬಾಚಣಿಗೆ ಬುಡದಿಂದ ತುದಿಗೆ ತಡೆಯಿಲ್ಲದೆ ಹೋದರೆ ಪಾಸು. ಕಣ್ಣಂಚಿನ ಪಿಸುರಿಗೆ ಅಮ್ಮನ ಹಳೇ ಹೇನಿನ ಬಾಚಣಿಗೆ ಬಂತು. ಅಂಗಡಿಯವು ಯಾವುವೂ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ.

ಹೊಟ್ಟೆ, ಕಾಲು, ಹಿಂಭಾಗದ ಕೂದಲನ್ನು ಗಿಡ್ಡ ಮಾಡಿಸಿದೆವು. ಪಾದದಡಿ ಬೆಳೆದದ್ದನ್ನೂ ತೆಗೆಸಿದೆವು. ಟೈಲ್ಸ್ ಮೇಲೆ ಜಾರುವುದು ನಿಂತಿತು.

ವಿಡಿಯೋ ಕಾಲ್‌ನಲ್ಲಿ ಚಿಕ್ಕಮ್ಮ ಕಿರುಚಿಯೇಬಿಟ್ಟರು. "ಅಯ್ಯೋ, ಅರ್ಧ ಕೂದಲು ಎಲ್ಲೇ?"

ಅಮ್ಮ ಫೋನ್ ಇಸಿದುಕೊಂಡರು. "ದಿನಾ ನೀನು ಬಾಚಿದ್ದು ಬೆನ್ನು ಮಾತ್ರ ಕಣೇ. ಹೊಟ್ಟೆ ನೋಡಿದ್ದೀಯಾ ಯಾವತ್ತಾದ್ರೂ?"

"ಅಲ್ಲಿ ಮುಟ್ಟಿದ್ರೆ ಕಚ್ಚಕ್ಕೆ ಬರ್ತಾನೆ ಅಕ್ಕ."

ಅದೂ ನಿಜವೇ. ನೋವಿಗೆ ಅವನು ಹಲ್ಲು ತೋರಿಸುತ್ತಿದ್ದ, ಹೆದರಿ ಇವರು ಕೈ ಹಾಕುತ್ತಿರಲಿಲ್ಲ, ಸಿಕ್ಕು ಇನ್ನಷ್ಟು ಬಿಗಿಯುತ್ತಿತ್ತು. ಈಗ ಗೆಣಸು ತೋರಿಸಿದರೆ ತಾನೇ ಅಡ್ಡ ಬೀಳುತ್ತಾನೆ ಅಂತ ಅಮ್ಮ ಮಾಡಿಯೂ ತೋರಿಸಿದರು. ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ, ಬೈತಲೆ ತೆಗೆಯುವುದರಿಂದ ಹಿಡಿದು ಪೂರ್ತಿ ಪಾಠ. ಮಗು ಅಳುತ್ತಿದ್ದರೂ ಚಿಕ್ಕಮ್ಮ ಅಲುಗಾಡದೆ ನೋಡಿದರು.

"ಸರಿ ಅಕ್ಕ, ಹೊಟ್ಟೆ ಗಿಡ್ಡವೇ ಇರಲಿ," ಅಂದರು ಕೊನೆಗೆ. "ಜುಟ್ಟು ಮಾತ್ರ ಮುಟ್ಟಬೇಡಿ."