ದಮ್ಮು ಅಂದರೆ ಯಾವ ದಮ್ಮು?

ವಿಜಯಪುರ, ಬಾಗಲಕೋಟೆ ಕಡೆ ಉಸಿರಿನ ತೊಂದರೆಗೆಲ್ಲ ಒಂದೇ ಹೆಸರು. ಗೋಳಗುಮ್ಮಟದ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೂ ದಮ್ಮು, ಜೋಳದ ರಾಶಿಯ ಧೂಳಿಗೆ ಎದೆ ಸುಂಯ್ ಅಂದರೂ ದಮ್ಮು, ಹೃದಯ ಸೋತು ನಡುರಾತ್ರಿ ಎದ್ದು ಕೂತರೂ ದಮ್ಮು. ಪಾರಸಿಯಲ್ಲಿ ‘ದಮ್’ ಅಂದರೆ ಬರೀ ಉಸಿರು. ‘ದಮ್ ಇದ್ರ ಬಾ’ ಅನ್ನುವಾಗಲೂ, ದಮ್ ಬಿರಿಯಾನಿಯಲ್ಲೂ ಇರುವುದು ಅದೇ.

ಆಸ್ಪತ್ರೆ ಚೀಟಿಯಲ್ಲಿ ಇದು ‘ಡಿಸ್ಪ್ನಿಯಾ’ ಆಗುತ್ತದೆ. ಗ್ರೀಕಿನಲ್ಲಿ ‘ಡಿಸ್’ ಕಷ್ಟ, ‘ಪ್ನೋಯೆ’ ಉಸಿರು. ಓದಿದವರು ಹೊಸ ರೋಗ ಬಂತೆಂದು ಗಾಬರಿಯಾಗುತ್ತಾರೆ; ಅದು ರೋಗದ ಹೆಸರಲ್ಲ, ರೋಗಿ ಹೇಳಿಕೊಂಡ ಸಂಕಟ, ಅಷ್ಟೇ.

ಎಣಿಸಿ ಹೇಳುವುದು ‘ಟ್ಯಾಕಿಪ್ನಿಯಾ’. ‘ಟ್ಯಾಕಿ’ ಅಂದರೆ ವೇಗ. ಸುಮ್ಮನೆ ಕೂತ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20. ಕೂಸಿಗೆ 2 ತಿಂಗಳು ತುಂಬಿರದಿದ್ದರೆ 60, ವರ್ಷದೊಳಗೆ 50, ಆಮೇಲೆ 5 ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರು, ತಡಮಾಡದೆ ತೋರಿಸಬೇಕು. ಅಂಗಿ ಎತ್ತಿ, ಅಳದಿರುವಾಗ, ಹಾಲು ಕುಡಿಯದಿರುವಾಗ ಹೊಟ್ಟೆ ಏರುವುದನ್ನು ಪೂರ್ತಿ ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪೂ ನಾಲ್ಕುಪಟ್ಟಾಗುತ್ತದೆ.

‘ಆಪ್ನಿಯಾ’ದ ‘ಅ’ ನಮ್ಮ ‘ಅಶುಭ’ದ ‘ಅ’ಕಾರಕ್ಕೆ ದೂರದ ನೆಂಟ. ಉಸಿರೇ ಇಲ್ಲ ಎಂದರ್ಥ. ಗೊರಕೆಯ ನಡುವೆ 10 ಸೆಕೆಂಡಾದರೂ ಉಸಿರು ನಿಂತರೆ ಲೆಕ್ಕಕ್ಕೆ ಬರುತ್ತದೆ.

ಇವುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ‘ಆರ್ಥಾಪ್ನಿಯಾ’. ‘ಆರ್ಥೋಸ್’ ಅಂದರೆ ನೆಟ್ಟಗೆ. ‘ಮಲ್ಕೊಂಡ್ರ ದಮ್ಮ ಹತ್ತತೈತ್ರಿ, ಎದ್ದ ಕುಂತ್ರ ಹಗರ ಆಕ್ಕೈತಿ’ ಅನ್ನುವುದೇ ಇದು. ಮಲಗಿದಾಗ ಕಾಲಿನ, ಹೊಟ್ಟೆಯ ರಕ್ತ ಎದೆಯತ್ತ ಮರಳುತ್ತದೆ. ಸೋತ ಎಡಹೃದಯ ಅದನ್ನು ಮುಂದೆ ತಳ್ಳಲಾರದೆ ಶ್ವಾಸಕೋಶ ತೇವವಾಗುತ್ತದೆ. ಅದಕ್ಕೇ ಡಾಕ್ಟರು ‘ಎಷ್ಟ ದಿಂಬ ಹಾಕ್ಕೋತೀರಿ ಯಜಮಾನ್ರ?’ ಎಂದು ಕೇಳಿ ‘ಎರಡು ದಿಂಬಿನ ಆರ್ಥಾಪ್ನಿಯಾ’ ಎಂದು ಬರೆದುಕೊಳ್ಳುವುದು. ಹೋದ ತಿಂಗಳು ಒಂದು ದಿಂಬು, ಈಗ ಮೂರು ಅಂದರೆ ಆ ಲೆಕ್ಕವನ್ನು ತಾವಾಗೇ ಹೇಳಬೇಕು. ಪಾದ ಬಾತಿದ್ದರೆ ಅದನ್ನೂ.

ದಿಂಬೊಂದನ್ನೇ ನಂಬುವಂತಿಲ್ಲ. ಅಸ್ತಮಾದವರೂ ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂರುತ್ತಾರೆ. ನೆರೆಮನೆಯವರ ಇನ್‌ಹೇಲರ್ ತಂದು ಎಳೆದು ನೋಡುವ ರೂಢಿ ಕೆಟ್ಟದ್ದು: ಅದು ಶ್ವಾಸನಾಳ ಸಡಿಲಿಸೀತು, ಶ್ವಾಸಕೋಶದ ನೀರು ಇಳಿಸದು.