ಮಕ್ಕಳ ವಾರ್ಡಿನಲ್ಲಿ ನರ ತೋರಿಸುವ ಯಂತ್ರ

ಕಲಬುರಗಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನಾನು ಶುಶ್ರೂಷಕಿ. ಬೇಸಿಗೆ ಬಂತೆಂದರೆ ಜೇವರ್ಗಿ, ಅಫಜಲಪುರ, ಚಿತ್ತಾಪುರಗಳ ಕಡೆಯಿಂದ ವಾಂತಿಭೇದಿಯಲ್ಲಿ ಬಳಲಿದ ಕೂಸುಗಳು ಬರುತ್ತವೆ. ಮೈಯಲ್ಲಿ ನೀರು ಕಡಿಮೆಯಾದಂತೆ ನರಗಳು ಕುಗ್ಗುವುದರಿಂದ, ಸಲೈನ್ ತುರ್ತಾಗಿ ಬೇಕಾದ ಮಗುವಿಗೇ ಕ್ಯಾನುಲಾ, ಎಂದರೆ ನರದೊಳಗೆ ಇರಿಸುವ ಸಣ್ಣ ಕೊಳವೆ, ಹಾಕುವುದು ಎಲ್ಲಕ್ಕಿಂತ ಕಷ್ಟ. ರಕ್ತವನ್ನು ಹೃದಯದ ಕಡೆಗೆ ಒಯ್ಯುವ ಅಭಿಧಮನಿಯನ್ನು ವಾರ್ಡಿನಲ್ಲಿ ಎಲ್ಲರೂ ನರವೆಂದೇ ಕರೆಯುತ್ತೇವೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನರ ತೋರಿಸುವ ಯಂತ್ರ ಬಂದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಅದು ಚರ್ಮದ ಮೇಲೆ ಬೀರುತ್ತದೆ. ರಕ್ತದ ಹಿಮೋಗ್ಲೋಬಿನ್ ಆ ಬೆಳಕನ್ನು ಹೀರಿಕೊಳ್ಳುತ್ತದೆ, ಸುತ್ತಲಿನ ಮಾಂಸ ಅದನ್ನು ಹಿಂದಕ್ಕೆ ಚೆದುರಿಸುತ್ತದೆ. ಈ ವ್ಯತ್ಯಾಸವನ್ನು ಕ್ಯಾಮೆರಾ ಗ್ರಹಿಸಿ, ನರಗಳ ಚಿತ್ರವನ್ನು ಅದೇ ಚರ್ಮದ ಮೇಲೆ ಮೂಡಿಸುತ್ತದೆ. ನಮ್ಮ ಮಕ್ಕಳ ಕಪ್ಪು ಮೈಬಣ್ಣವೂ ಇದಕ್ಕೆ ದೊಡ್ಡ ಅಡ್ಡಿಯಾಗುವುದಿಲ್ಲ.

ಒಂದು ಮಧ್ಯಾಹ್ನ ಹತ್ತು ತಿಂಗಳ ಗುಂಡುಗುಂಡಾದ ಕೂಸಿನ ಮುಂಗೈ ಮೇಲೆ ದಪ್ಪನೆಯ ಗೆರೆ ಸ್ಪಷ್ಟವಾಗಿ ಕಂಡಿತು. ಬೆರಳಿಟ್ಟು ನೋಡದೆ, 24 ಗೇಜಿನ ಹಳದಿ ಕ್ಯಾನುಲಾವನ್ನು ನೇರವಾಗಿ ಆ ಗೆರೆಗೆ ಚುಚ್ಚಿದೆ. ರಕ್ತ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಅಳುತ್ತಿದ್ದ ತಾಯಿ, ‘ಸಾಕ್ರೀ ಸಿಸ್ಟರ್, ಕೂಸಿನ ಕೈ ಬಿಡ್ರಿ’ ಎಂದರು. ಹಿರಿಯ ಸಿಸ್ಟರ್ ಬಂದು ಯಂತ್ರದ ಬೆಳಕನ್ನು ಆರಿಸಿದರು. ಕಣಕಾಲಿನ ಒಳಬದಿಯ ಮೂಳೆಯ ಮುಂದೆ ತೋರುಬೆರಳಿಟ್ಟು, ಒತ್ತಿ ಬಿಟ್ಟು, ಮತ್ತೆ ಒತ್ತಿ ನೋಡಿ, ಅಲ್ಲಿ ಸಾಗುವ ನರಕ್ಕೆ ಒಂದೇ ಸಲಕ್ಕೆ ಕ್ಯಾನುಲಾ ಹಾಕಿದರು.

ಆಮೇಲೆ ಅವರು ವಿವರಿಸಿದಾಗ ನನ್ನ ತಪ್ಪು ತಿಳಿಯಿತು. ಬೆಳಕಿನ ಗೆರೆ ನರ ಎತ್ತ ಸಾಗಿದೆಯೆಂದು ಹೇಳುತ್ತದೆ, ಎಷ್ಟು ಆಳದಲ್ಲಿದೆ ಎಂದಾಗಲಿ, ಸೂಜಿ ಹಿಡಿಸುವಷ್ಟು ತುಂಬಿದೆಯೇ ಎಂದಾಗಲಿ ಹೇಳುವುದಿಲ್ಲ. ಯಂತ್ರವನ್ನು ಓರೆಯಾಗಿ ಹಿಡಿದರೆ ಗೆರೆ ನರದ ಮೇಲಿಂದ ಪಕ್ಕಕ್ಕೆ ಸರಿಯುತ್ತದೆ. ನಾನು ಅವಸರದಲ್ಲಿ ಓರೆಯಾಗಿಯೇ ಹಿಡಿದಿದ್ದೆ. ಅಧ್ಯಯನಗಳಲ್ಲಿಯೂ, ಎಲ್ಲ ಮಕ್ಕಳನ್ನು ಒಟ್ಟಿಗೆ ನೋಡಿದಾಗ ಮೊದಲ ಚುಚ್ಚಿಗೇ ನರ ಸಿಗುವ ಪ್ರಮಾಣ ಈ ಯಂತ್ರದಿಂದ ಖಚಿತವಾಗಿ ಹೆಚ್ಚಿದ್ದು ಕಂಡುಬಂದಿಲ್ಲ. ನರ ಸಿಗುವುದು ಕಷ್ಟವೆಂದು ಮೊದಲೇ ಗೊತ್ತಿರುವ ಮಕ್ಕಳಲ್ಲಿ ಪ್ರಯೋಜನದ ಸೂಚನೆಗಳಿವೆ.

ಈಗ ನಾನು ಮೊದಲು ಬೆಚ್ಚಗಿನ ಬಟ್ಟೆಯಿಂದ ಕೂಸಿನ ಕೈಯನ್ನು ಕಾಯಿಸಿ, ಬೆರಳಿನಿಂದ ಹುಡುಕುತ್ತೇನೆ. ಬೆರಳಿಗೆ ಸಿಗದಿದ್ದಾಗ ಮಾತ್ರ ಯಂತ್ರವನ್ನು ನೆಟ್ಟಗೆ ಹಿಡಿದು, ಕಂಡ ಗೆರೆಯ ಮೇಲೆ ಮತ್ತೆ ಬೆರಳಿಟ್ಟು ಖಚಿತಪಡಿಸಿಕೊಳ್ಳುತ್ತೇನೆ. ಎರಡು ಚುಚ್ಚು ವಿಫಲವಾದರೆ ಬೇರೆಯವರನ್ನು ಕರೆಯುತ್ತೇನೆ. ರಕ್ತಸಂಚಾರ ಕುಸಿದು ಮಗು ಶಾಕ್‌ಗೆ ಹೋಗಿದ್ದರೆ ಬೆಳಕಿನಲ್ಲಿ ನರ ಹುಡುಕುತ್ತ ಕೂರುವುದಿಲ್ಲ. ಮೊಣಕಾಲಿನ ಕೆಳಗಿನ ಮೂಳೆಯೊಳಗೆ ಸೂಜಿ ಹಾಕಿ ಅದರ ಮೂಲಕವೇ ಸಲೈನ್ ಕೊಡಲು ವೈದ್ಯರಿಗೆ ತಕ್ಷಣ ಹೇಳಿಕಳುಹಿಸುತ್ತೇನೆ.