ಬೆಲ್ಲದ ಚಕ್ಕೆ ಮಫಿನ್: ಅಳತೆ ಸದ್ಯಕ್ಕೆ ಇಲ್ಲಿಗೆ ಬಂದಿದೆ

ಸಕ್ಕರೆ ತೆಗೆದು ಮಂಡ್ಯದ ಅಚ್ಚು ಬೆಲ್ಲಕ್ಕೆ ಬಂದ ಮೇಲೆ ಹಳೇ ಅಳತೆಯಲ್ಲಿ ಉಳಿದಿದ್ದು ಮೈದಾ ಒಂದೇ. ಮೊಟ್ಟೆ ಇಲ್ಲದ 10 ಮಫಿನ್‌ಗೆ ಈಗ ಹಾಕುತ್ತಿರುವುದು: ಮೈದಾ 200 ಗ್ರಾಂ, ಕುಟ್ಟಿದ ಬೆಲ್ಲ 140 ಗ್ರಾಂ, ನೀರು 60 ಎಂಎಲ್, ಗಟ್ಟಿ ಮೊಸರು 150 ಗ್ರಾಂ, ಸೂರ್ಯಕಾಂತಿ ಎಣ್ಣೆ 75 ಎಂಎಲ್, ಚಕ್ಕೆ ಪುಡಿ 2 ಟೀ ಚಮಚ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಎರಡು ಚಿಟಿಕೆ ಉಪ್ಪು. ಸೋಡಾ ಇದಕ್ಕಿಂತ ಹೆಚ್ಚಾದರೆ ಸೋಪಿನ ರುಚಿ ಬರುತ್ತೆ, ಬಣ್ಣವೂ ಕಪ್ಪಗಾಗುತ್ತೆ.

ಬೆಲ್ಲವನ್ನು ಪುಡಿ ಮಾಡಿ ಹಾಗೇ ಹಾಕಿದರೆ ಕರಗದ ಚೂರು ತಳಕ್ಕಿಳಿದು ಪೇಪರ್ ಕಪ್ಪಿಗೆ ಅಂಟಿಕೊಳ್ಳುತ್ತೆ. ಕಸ, ಮರಳು ಹಲ್ಲಿಗೆ ಸಿಗುವುದು ಬೇರೆ. ನೀರಲ್ಲಿ ಕರಗಿಸಿ ಸೋಸಲೇಬೇಕು. ಪಾಕ ಬರಿಸಬೇಡಿ, ಕರಗಿದ ಕೂಡಲೇ ಇಳಿಸಿ. ಪೂರ್ತಿ ಆರುವ ಮುಂಚೆ ಮೊಸರು ಸೇರಿಸಿದರೆ ಒಡೆಯುತ್ತೆ. ನೋಡೋಕೆ ಚೆಂದ ಅಂತ ತಿಳಿ ಹಳದಿ ಬೆಲ್ಲ ತರಬೇಡಿ; ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿ ಬಣ್ಣ ತೆಗೆದಿದ್ದಿರಬಹುದು. ಚಕ್ಕೆಯ ಘಾಟಿಗೆ ಎದುರು ನಿಲ್ಲುವುದು ಕಂದು ಬೆಲ್ಲವೇ.

ಮೈಸೂರಿನ ದಿನಸಿ ಅಂಗಡಿಗಳಲ್ಲಿ ಚಕ್ಕೆ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಪುಲಾವಿಗೆ ಹಾಕುವ ದಪ್ಪ ತೊಗಟೆ, ಅಂದರೆ ಕ್ಯಾಸಿಯಾ. ತೆಳು ಪದರ ಪದರವಾಗಿ ಸುತ್ತಿಕೊಂಡು, ಬೆರಳಲ್ಲೇ ಪುಡಿಯಾಗುವುದು ಸಿಲೋನ್ ಚಕ್ಕೆ; ಪರಿಮಳ ನಾಜೂಕು, ಬೆಲ್ಲದ ಮುಂದೆ ಮಂಕಾಗುತ್ತೆ. ಇದಕ್ಕೆ ದಪ್ಪದ್ದೇ ಸಾಕು. ಮಿಕ್ಸಿಗೆ ಹಾಕಿ ಜರಡಿ ಹಿಡಿಯಿರಿ, ಮಿಕ್ಕ ತರಿ ಟೀಗೆ ಆಗುತ್ತೆ. ಎಣ್ಣೆ ಬೆಚ್ಚಗೆ ಮಾಡಿ, ಸ್ಟವ್ ಆರಿಸಿ, ಆಮೇಲೆ ಪುಡಿ ಹಾಕಿ ಹತ್ತು ನಿಮಿಷ ಬಿಡಬೇಕು. ಚಕ್ಕೆಯ ಪರಿಮಳ ಬಿಡುವುದು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ. ಹೊಗೆಯಾಡುವ ಎಣ್ಣೆಗೆ ಹಾಕಿದರೆ ಕಹಿ. ಬೆಲ್ಲದ ನೀರಿಗೇ ಹಾಕಿದರೆ ಲೋಳೆ ಲೋಳೆ.

ಒಣ ಪದಾರ್ಥ ಜರಡಿ ಹಿಡಿದು ಒದ್ದೆಯದಕ್ಕೆ ಸೇರಿಸಿ, ಒಣ ಹಿಟ್ಟು ಕಾಣದಿದ್ದರೆ ಕೈ ನಿಲ್ಲಿಸಿ. ಸಣ್ಣ ಗಂಟು ಇರಲಿ. ದೋಸೆ ಹಿಟ್ಟಿನ ಥರ ನಯ ಮಾಡಲು ಹೋದರೆ ಜಿಗುಟು ಬೆಳೆದು, ಕತ್ತರಿಸಿದಾಗ ಒಳಗೆ ಉದ್ದುದ್ದ ಸುರಂಗ.

ಕಪ್ಪಿನ ಮುಕ್ಕಾಲು ಭಾಗ ತುಂಬಿ. ತೆಳು ಪೇಪರ್ ಕಪ್ಪನ್ನು ಟ್ರೇ ಇಲ್ಲದೆ ಇಟ್ಟರೆ ಹಿಟ್ಟಿನ ಭಾರಕ್ಕೆ ಅಗಲವಾಗಿಬಿಡುತ್ತೆ. ಮೇಲೆ ಸಕ್ಕರೆ, ಚಕ್ಕೆ ಪುಡಿ ಬೆರೆಸಿ ಉದುರಿಸಿ. ಇಲ್ಲಿ ಬೆಲ್ಲ ಬೇಡ, ಕರಗಿ ಸೀಯುತ್ತೆ. ಓಟಿಜಿ ಓವನ್ 15 ನಿಮಿಷ ಮೊದಲೇ ಕಾದಿರಲಿ. ನಡು ಅಂತಸ್ತಿನಲ್ಲಿ 200 ಡಿಗ್ರಿಗೆ 6 ನಿಮಿಷ, ನೆತ್ತಿ ಉಬ್ಬಿದ ಮೇಲೆ 175ಕ್ಕೆ ಇಳಿಸಿ ಇನ್ನು 13-14 ನಿಮಿಷ. ಮೊದಲರ್ಧದಲ್ಲಿ ಬಾಗಿಲು ತೆಗೆದರೂ ಅಷ್ಟೇ, ಕರೆಂಟ್ ಹೋದರೂ ಅಷ್ಟೇ, ನಡು ಕುಸಿಯುತ್ತೆ. ಟ್ರೇನಲ್ಲಿ 5 ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ತಳ ಒದ್ದೆಯಾಗುತ್ತೆ.

ಮುಂದಿನದು ರಾಗಿ: 50 ಗ್ರಾಂ ಮೈದಾ ತೆಗೆದು ಅಷ್ಟೇ ರಾಗಿ ಹಿಟ್ಟು. ರಾಗಿಯಲ್ಲಿ ಗ್ಲುಟನ್, ಅಂದರೆ ಮೈದಾಗೆ ಜಿಗುಟು ಕೊಡುವ ಅಂಶ ಇಲ್ಲ, ಉಬ್ಬು ಕಡಿಮೆಯಾದೀತು. ತರಿ ನಾಲಿಗೆಗೆ ಸಿಗದಿರಲು ಮೊಸರಲ್ಲಿ ಅರ್ಧ ಗಂಟೆ ನೆನೆಸಿ ಹಾಕುವುದು.